ಹಳೆಯ ಸೆಮಿ ಆಟೊಮ್ಯಾಟಿಕ್ ಪಿಸ್ತೂಲುಗಳ ಸೆಳೆತ: ಬೆಂಗಳೂರಿನ ಆಸಕ್ತರು ಪದೇ ಪದೇ ಕೇಳುವ ಪ್ರಶ್ನೆಗಳು

ಶೂಟಿಂಗ್ ರೇಂಜ್‌ನಲ್ಲಿ ಸರದಿಗೆ ಕಾಯುವಾಗ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಹೊಸಬರಿಗೆ ಬೇಕಾದದ್ದು ಮೊದಲಿದೆ. ಪಿಸ್ತೂಲಿನ ಒಳಗಿನ ಕೆಲಸ ಆಗಲೇ ಗೊತ್ತಿರುವವರು ನೇರ ಕೊನೆಯ ಭಾಗಕ್ಕೆ ಹೋಗಬಹುದು. ಕಾನೂನಿನ ಬಗ್ಗೆ ಬರೆದದ್ದು ದಾರಿ ತೋರಿಸಲು ಮಾತ್ರ. ಲೈಸೆನ್ಸ್ ವಿಚಾರದಲ್ಲಿ ಬೆಂಗಳೂರು ನಗರದ ಮಟ್ಟಿಗೆ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ.

## ಮೊದಲು ತಿಳಿಯಬೇಕಾದದ್ದು

ಸೆಮಿ ಆಟೊಮ್ಯಾಟಿಕ್ ಅಂದ್ರೆ ಟ್ರಿಗರ್ ಒತ್ತಿ ಹಿಡಿದರೆ ಗುಂಡು ಸುರೀತಾನೇ ಇರುತ್ತಾ?

ಇಲ್ಲ. ಒಂದು ಸಲ ಎಳೆದರೆ ಒಂದೇ ಗುಂಡು. ಇನ್ನೊಂದು ಹಾರಬೇಕಾದರೆ ಬೆರಳು ಸಡಿಲಿಸಿ ಮತ್ತೆ ಎಳೆಯಬೇಕು. ತಾನಾಗಿ ನಡೆಯುವುದು ಎರಡು ಗುಂಡುಗಳ ನಡುವಿನ ಕೆಲಸ ಮಾತ್ರ. ಖಾಲಿ ಕೇಸ್ (ಮದ್ದು ತುಂಬಿದ್ದ ಲೋಹದ ಕೊಳವೆ) ಹೊರಗೆ ಬೀಳುತ್ತದೆ, ಹ್ಯಾಮರ್ (ಬಡಿದು ಗುಂಡು ಹಾರಿಸುವ ಸುತ್ತಿಗೆ) ಹಿಂದಕ್ಕೆ ಬಾಗಿ ನಿಲ್ಲುತ್ತದೆ, ಮ್ಯಾಗಜಿನ್‌ನಿಂದ (ಗುಂಡು ತುಂಬಿಡುವ ಪೆಟ್ಟಿಗೆ) ಹೊಸ ಕಾಟ್ರಿಡ್ಜ್ (ಕೇಸ್, ಮದ್ದು, ಗುಂಡು ಸೇರಿದ ತೋಟಾ) ಚೇಂಬರ್‌ಗೆ (ಗುಂಡು ಹಾರುವ ಮುಂಚೆ ಕೂರುವ ಕೋಣೆ) ಏರುತ್ತದೆ. ಇದಕ್ಕೆಲ್ಲ ಬೇಕಾದ ಶಕ್ತಿ ಈಗಷ್ಟೇ ಹಾರಿದ ಗುಂಡಿನಿಂದಲೇ ಬರುತ್ತದೆ. ಒತ್ತಿ ಹಿಡಿದರೆ ಸುರಿಯುವುದು ಪೂರ್ತಿ ಆಟೊಮ್ಯಾಟಿಕ್. ಅದು ಸಾರ್ವಜನಿಕರಿಗೆ ನಿಷಿದ್ಧ.

ರಿವಾಲ್ವರ್, ಪಿಸ್ತೂಲು ಎರಡೂ ಒಂದೇ ಅಲ್ವಾ?

ಸಿನಿಮಾಗಳಲ್ಲಿ ಎರಡನ್ನೂ ಕಲಸಿಬಿಡುತ್ತಾರೆ. ರಿವಾಲ್ವರಿನಲ್ಲಿ ಸುತ್ತುವ ಸಿಲಿಂಡರ್ ಇದೆ, ಸಾಮಾನ್ಯವಾಗಿ ಆರು ಕೋಣೆಗಳದ್ದು. ಪಿಸ್ತೂಲಿನಲ್ಲಿ ಚೇಂಬರ್ ಒಂದೇ, ಅದೂ ಬ್ಯಾರೆಲ್‌ನ (ನಳಿಗೆಯ) ಹಿಂತುದಿಯಲ್ಲಿ. ಉಳಿದ ಕಾಟ್ರಿಡ್ಜ್‌ಗಳು ಮ್ಯಾಗಜಿನ್‌ನಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ರಿವಾಲ್ವರನ್ನು ನಿಮ್ಮ ಬೆರಳಿನ ಬಲ ನಡೆಸುತ್ತದೆ. ಸೆಮಿ ಆಟೊಮ್ಯಾಟಿಕ್ ಪಿಸ್ತೂಲು ಗುಂಡಿನ ಬಲದಿಂದ ನಡೆಯುತ್ತದೆ.

ಮ್ಯಾಗಜಿನ್ ತೆಗೆದುಬಿಟ್ಟರೆ ಪಿಸ್ತೂಲು ಖಾಲಿ ತಾನೇ?

ಅಲ್ಲ. ಈ ಪುಟದಲ್ಲಿ ಒಂದೇ ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮ್ಯಾಗಜಿನ್ ಹೊರಗೆ ಬಂದ ಮೇಲೂ ಚೇಂಬರ್‌ನಲ್ಲಿ ಒಂದು ಕಾಟ್ರಿಡ್ಜ್ ಉಳಿದಿರಬಹುದು. ಅಮೆರಿಕದ ಕೋಲ್ಟ್ 1911 ಎಂಬ ಮಾದರಿಯಂಥ ಅನೇಕ ಪಿಸ್ತೂಲುಗಳು ಮ್ಯಾಗಜಿನ್ ಇಲ್ಲದೆಯೂ ಅದನ್ನು ಹಾರಿಸುತ್ತವೆ. ಹಾಗಾಗಿ ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಸ್ಲೈಡ್ (ಬ್ಯಾರೆಲ್ ಮೇಲೆ ಓಡುವ ಉಕ್ಕಿನ ಹೊದಿಕೆ) ಹಿಂದಕ್ಕೆ ಎಳೆದು ಅಲ್ಲೇ ನಿಲ್ಲಿಸಬೇಕು, ಚೇಂಬರನ್ನು ಕಣ್ಣಿನಿಂದ ನೋಡಿ ಕಿರುಬೆರಳಿನಿಂದ ಮುಟ್ಟಿ ಖಾತ್ರಿ ಮಾಡಬೇಕು. ಈ ಕ್ರಮ ತಿರುವುಮುರುವಾದರೆ ಮ್ಯಾಗಜಿನ್‌ನಿಂದ ಇನ್ನೊಂದು ಕಾಟ್ರಿಡ್ಜ್ ಚೇಂಬರ್‌ಗೆ ಏರಿಬಿಡುತ್ತದೆ. ಮೂತಿ ಯಾವಾಗಲೂ ಟಾರ್ಗೆಟ್ ಕಡೆಗೇ ಇರಲಿ. ಗುರಿ ಕೂರುವ ತನಕ ಬೆರಳು ಟ್ರಿಗರ್ ಗಾರ್ಡ್‌ನ ಹೊರಗಿರಲಿ. ಕೈಗೆ ಕೊಟ್ಟವರು 'ಖಾಲಿ ಇದೆ' ಅಂದರೂ ನೀವು ಮತ್ತೆ ನೋಡಲೇಬೇಕು. ನೋಡಿದರೆ ಅವರಿಗೆ ಅವಮಾನ ಆಗುತ್ತದೆ ಅಂದುಕೊಳ್ಳಬೇಡಿ. ನೋಡದಿದ್ದರೇ ಅನುಭವಸ್ಥರಿಗೆ ಸಿಟ್ಟು ಬರುತ್ತದೆ.

'ಕ್ಲಾಸಿಕ್' ಅಂತ ಯಾವುದನ್ನು ಕರೀತೀರಿ? ಹಳೇದೆಲ್ಲ ಕ್ಲಾಸಿಕ್ಕಾ?

ಹಳೆಯದಾದ ಮಾತ್ರಕ್ಕೆ ಆಗುವುದಿಲ್ಲ. ಸಾಮಾನ್ಯವಾಗಿ 1893ರ ಬೋರ್ಶಾರ್ಟ್‌ನಿಂದ ಶುರುವಾಗಿ 1935ರ ಬ್ರೌನಿಂಗ್ ಹೈ ಪವರ್ ತನಕ ಬಂದವನ್ನು ಈ ಸಾಲಿಗೆ ಸೇರಿಸುತ್ತಾರೆ. 1896ರ ಮೌಸರ್, ಲೂಗರ್, ಕೋಲ್ಟ್ 1903 ಮತ್ತು 1911, ಬೆಲ್ಜಿಯಂನ ಎಫ್‌ಎನ್ ಕಂಪನಿಯ 1910, ವೆಬ್ಲಿ ಅಂಡ್ ಸ್ಕಾಟ್‌ನ .32 (ಇಂಥ ಅಂಕಿ ಬೋರ್, ಅಂದರೆ ನಳಿಗೆಯ ಒಳ ಅಗಲ, ಇಂಚಿನಲ್ಲಿ), 1929ರ ವಾಲ್ಥರ್ ಪಿಪಿ ಇವೆಲ್ಲ ಅದರೊಳಗೆ ಬರುತ್ತವೆ. ಕೆಲವರು 1938ರ ವಾಲ್ಥರ್ ಪಿ38, ಸೋವಿಯತ್ ಮಕರೋವ್, 1975ರ ಝೆಕ್ ಸಿಝಡ್ 75 ಕೂಡ ಸೇರಿಸುತ್ತಾರೆ. ನನ್ನ ಅಳತೆ ಬೇರೆ. ಮುಂದೆ ಬಂದವರು ಯಾವ ಪಿಸ್ತೂಲನ್ನು ನೋಡಿ ಕಲಿತರೋ ಅದು ಕ್ಲಾಸಿಕ್. ಆ ಲೆಕ್ಕದಲ್ಲಿ ಪಿ38ಕ್ಕೆ ಖಂಡಿತ ಜಾಗ ಇದೆ, ಅದೇ ಕಾಲದ ಎಷ್ಟೋ ಅಗ್ಗದ ಪಾಕೆಟ್ ಪಿಸ್ತೂಲುಗಳಿಗೆ ಇಲ್ಲ.

ಇಷ್ಟು ಒಳ್ಳೆ ಹೊಸ ಪಿಸ್ತೂಲುಗಳಿರುವಾಗ ನೂರು ವರ್ಷದ ಕಬ್ಬಿಣದ ಮೇಲೆ ಯಾಕೆ ಸಾರ್ ಇಷ್ಟು ಮೋಹ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಹೊಸವು ಕೆಲಸದಲ್ಲಿ ಮೇಲು, ಅದರಲ್ಲಿ ತಕರಾರಿಲ್ಲ. ಹಗುರ, ಗುಂಡು ಜಾಸ್ತಿ ಹಿಡಿಸುತ್ತವೆ, ತುಕ್ಕು ಕಡಿಮೆ, ಬಿಡಿಭಾಗ ಬದಲಿಸುವುದು ಸುಲಭ. 1982ರಲ್ಲಿ ಆಸ್ಟ್ರಿಯಾದ ಸೇನೆ ಪ್ಲಾಸ್ಟಿಕ್ ಫ್ರೇಮಿನ ಗ್ಲಾಕ್ ಒಪ್ಪಿಕೊಂಡ ಮೇಲೆ ಇಡೀ ಜಗತ್ತು ಆ ಕಡೆ ವಾಲಿತು.

ಹಳೆಯದರ ರುಚಿ ಗೊತ್ತಾಗುವುದು ಟ್ರಿಗರ್‌ನಲ್ಲಿ. 1911ರ ಟ್ರಿಗರ್ ಕೀಲಿನ ಮೇಲೆ ತಿರುಗುವುದಿಲ್ಲ, ನೇರವಾಗಿ ಹಿಂದಕ್ಕೆ ಜಾರುತ್ತದೆ. ಮೊದಲು ಸ್ವಲ್ಪ ಸಡಿಲು, ಆಮೇಲೆ ಒಂದು ತಡೆ. ಆ ತಡೆಯ ಮೇಲೆ ಇನ್ನೊಂಚೂರು ಒತ್ತಿದರೆ ಹ್ಯಾಮರ್ ಬಿಡುತ್ತದೆ. ನಡುವೆ ಎಳೆದಾಟ ಇಲ್ಲ, ತರಿತರಿ ಇಲ್ಲ. ಹೀಗಿದ್ದಾಗ ಗುಂಡು ತಪ್ಪಿದರೆ ಪಿಸ್ತೂಲನ್ನು ದೂರಲು ಆಗುವುದಿಲ್ಲ. ಶೂಟರ್‌ಗಳು ಇದನ್ನು ಮೆಚ್ಚುವುದು ಅದಕ್ಕೇ.

ಇನ್ನೊಂದು, ಇವುಗಳ ಕೆಲಸ ಕಣ್ಣಿಗೆ ಕಾಣುತ್ತದೆ. 1911ರಲ್ಲಿ ಹ್ಯಾಮರ್ ಹೊರಗಿದೆ. ಸ್ಲೈಡ್ ಹಿಂದೆ ಹೋದಾಗ ಬ್ಯಾರೆಲ್ ಬಾಗುವುದನ್ನು ನೋಡಬಹುದು. ಬೆಂಗಳೂರಿನಲ್ಲಿ ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಪೀಣ್ಯದ ಟೂಲ್‌ರೂಮ್‌ಗಳಲ್ಲಿ ದುಡಿದವರು ಎಷ್ಟೊಂದು ಜನ ಇದ್ದಾರೆ. ಅವರಿಗೆ ಲೂಗರ್‌ನ ಫೋಟೊ ತೋರಿಸಿ ನೋಡಿ. ಗುಂಡಿನ ಬಗ್ಗೆ ಕೇಳುವುದಿಲ್ಲ. 'ಇದನ್ನು ಯಾವ ಮೆಷಿನ್ ಮೇಲೆ ತೆಗೆದರು, ಟಾಲರೆನ್ಸ್ ಎಷ್ಟು' ಅಂತ ಕೇಳುತ್ತಾರೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಉಕ್ಕಿನ ಗಟ್ಟಿಯನ್ನು ಮಿಲ್ಲಿಂಗ್ ಮಾಡಿ, ಕೊನೆಗೆ ಕೈಯಲ್ಲಿ ಅರ ಹಿಡಿದು ಕೂರಿಸಿದ ಕೆಲಸ ಅದು. ಕೀಲಿ ಕೊಡುವ ಎಚ್‌ಎಂಟಿ ಗಡಿಯಾರವನ್ನು ಇವತ್ತಿಗೂ ಕಟ್ಟುವ ಜನ ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಸಮಯ ನೋಡಲು ಫೋನು ಸಾಕು, ಆದರೂ ಬೆಳಿಗ್ಗೆ ಎದ್ದು ಕೀಲಿ ಕೊಡುತ್ತಾರೆ. ಈ ಪ್ರೀತಿಯೂ ಅದೇ ಜಾತಿಯದು.

ತೂಕದ ಮಾತೂ ಇದೆ. ಖಾಲಿ 1911 ಸುಮಾರು 1.1 ಕಿಲೊ ತೂಗುತ್ತದೆ. ಆ ತೂಕ ಗುಂಡಿನ ಒದೆತವನ್ನು ನುಂಗುತ್ತದೆ, ಮುಂದಿನ ಸೈಟ್ (ಗುರಿ ನೋಡುವ ಮೊನೆ) ಬೇಗ ಗುರಿಗೆ ಮರಳುತ್ತದೆ.

ಇದು ಕೊಲ್ಲೋಕೆ ಮಾಡಿದ ವಸ್ತು. ಇದರಲ್ಲಿ ಸೊಗಸು ಹುಡುಕುವುದು ಸರೀನಾ?

ಈ ಪ್ರಶ್ನೆ ಕೇಳುವವರ ಮೇಲೆ ನನಗೆ ಗೌರವ ಇದೆ. ಹೌದು, ಇವು ಯುದ್ಧಕ್ಕೆಂದೇ ಹುಟ್ಟಿದವು. ಅದನ್ನು ಮರೆಸಿ ಮಾತಾಡುವುದು ತಪ್ಪು. ಎಫ್‌ಎನ್ 1910 ಎಷ್ಟು ನುಣುಪಾದ ಪಿಸ್ತೂಲು! 1914ರ ಜೂನ್‌ನಲ್ಲಿ ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನನ್ನು ಕೊಂದದ್ದೂ ಅದೇ. ಅದರ ಬೆನ್ನಿಗೇ ಮೊದಲ ಮಹಾಯುದ್ಧ ಬಂತು. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಂಡೇ ನಾನು ಇದನ್ನು ನೋಡುತ್ತೇನೆ. ಕಾಗದದ ಟಾರ್ಗೆಟ್ ಮುಂದೆ ನಿಂತು ಉಸಿರು, ಕಣ್ಣು, ಬೆರಳು ಮೂರನ್ನೂ ಹತೋಟಿಗೆ ತರುವ ಆಟಕ್ಕೆ ಅದರದ್ದೇ ಬೆಲೆ ಇದೆ. ಮನುಷ್ಯರ ಮೇಲೆ ಜೋರು ತೋರಿಸಲು ಪಿಸ್ತೂಲು ಬೇಕು ಅನ್ನುವವರು ರೇಂಜ್‌ಗೆ ಬರುವುದೇ ಬೇಡ. ಸೊಂಟದಲ್ಲಿ ಸಿಕ್ಕಿಸಿಕೊಂಡು ಫೋಟೊ ತೆಗೆಸಿಕೊಳ್ಳುವ ಚಪಲವೂ ಅದೇ ಕಡೆಯದು.

## ಹೆಸರಾದ ಪಿಸ್ತೂಲುಗಳು

ಎಲ್ಲರೂ ಬ್ರೌನಿಂಗ್ ಬ್ರೌನಿಂಗ್ ಅಂತಾರಲ್ಲ, ಯಾರಾತ?

ಜಾನ್ ಮೋಸೆಸ್ ಬ್ರೌನಿಂಗ್. 1855ರಲ್ಲಿ ಅಮೆರಿಕದ ಯೂಟಾದ ಆಗ್ಡನ್‌ನಲ್ಲಿ ಹುಟ್ಟಿದ, ಬಂದೂಕು ಮಾಡುವವನ ಮಗ. ಇವತ್ತು ನಾವು ಪಿಸ್ತೂಲು ಅಂದಾಗ ಕಣ್ಣಿಗೆ ಬರುವ ಸ್ಲೈಡ್, ಬ್ಯಾರೆಲ್ ಮೇಲೆ ಕೂತು ಹಿಂದೆ ಮುಂದೆ ಓಡುವ ಆ ಉಕ್ಕಿನ ಹೊದಿಕೆ, ಅವನ ಕೊಡುಗೆ. ಬೆಲ್ಜಿಯಂನ ಎಫ್‌ಎನ್ ಕಂಪನಿ ಮಾಡಿದ 1900ರ ಮಾದರಿಯಲ್ಲಿ ಅದು ಮೊದಲು ಮಾರುಕಟ್ಟೆಗೆ ಬಂತು. ನಮ್ಮಲ್ಲಿ ಲೈಸೆನ್ಸ್ ಇರುವವರ ಬಳಿ ಹೆಚ್ಚಾಗಿ ಕಾಣುವ .32 ಕಾಟ್ರಿಡ್ಜ್ ಕೂಡ ಅದೇ ಪಿಸ್ತೂಲಿಗೆಂದು ಅವನು ಮಾಡಿದ್ದು.

ಆಮೇಲೆ 1911. ಅಮೆರಿಕದ ಸೇನೆಯ ಪರೀಕ್ಷೆಯಲ್ಲಿ ಅವನ .45 ಪಿಸ್ತೂಲು 6,000 ಗುಂಡು ಹಾರಿಸಿತು, ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ. 1911ರ ಮಾರ್ಚ್ 29ರಂದು ಸೇನೆ ಅದನ್ನು ಒಪ್ಪಿಕೊಂಡಿತು. 1985ರಲ್ಲಿ ಬೆರೆಟಾ ಬರುವ ತನಕ ಅದೇ ಅವರ ಅಧಿಕೃತ ಪಿಸ್ತೂಲು. ಬ್ರೌನಿಂಗ್ 1926ರಲ್ಲಿ ಬೆಲ್ಜಿಯಂನ ಲಿಯೇಜ್‌ನಲ್ಲಿ, ಕೆಲಸದ ನಡುವೆಯೇ ತೀರಿಕೊಂಡ. ಶುರು ಮಾಡಿದ್ದ ಕೊನೆಯ ಪಿಸ್ತೂಲನ್ನು ಎಫ್‌ಎನ್‌ನ ದ್ಯೂದೊನೆ ಸೇವ್ ಮುಗಿಸಿದ. 13 ಗುಂಡು ಹಿಡಿಸುವ ಹೈ ಪವರ್ ಅದೇ.

ಲೂಗರ್ ನೋಡೋಕೆ ಚಂದ ಸರಿ, ನಿಜವಾಗಿ ಒಳ್ಳೆ ಪಿಸ್ತೂಲಾ?

ಹೊಡೆಯಲು ಒಳ್ಳೆಯದು, ಕೆಸರಿನಲ್ಲಿ ಹೊತ್ತು ತಿರುಗಲು ಕಷ್ಟ. ಹ್ಯೂಗೊ ಬೋರ್ಶಾರ್ಟ್‌ನ ಭಾರೀ ಪಿಸ್ತೂಲನ್ನು ಗೇಯಾರ್ಗ್ ಲೂಗರ್ ತಿದ್ದಿ ಚಿಕ್ಕದು ಮಾಡಿದ. 1900ರಲ್ಲಿ ಸ್ವಿಟ್ಜರ್ಲೆಂಡ್ ತೆಗೆದುಕೊಂಡಿತು, 1904ರಲ್ಲಿ ಜರ್ಮನ್ ನೌಕಾಪಡೆ, 1908ರಲ್ಲಿ ಜರ್ಮನ್ ಭೂಸೇನೆ. ಇದರಲ್ಲಿ ಸ್ಲೈಡ್ ಇಲ್ಲ. ಹಿಂದೆ ಒಂದು ಮಡಚುವ ಕೀಲಿದೆ. ಗುಂಡು ಹಾರಿದಾಗ ಬ್ಯಾರೆಲ್ ಮತ್ತು ಕೀಲು ಒಟ್ಟಿಗೆ ಹಿಂದೆ ಸರಿಯುತ್ತವೆ, ಆಮೇಲೆ ಕೀಲು ಮೇಲಕ್ಕೆ ಮಡಚಿ ತೆರೆದುಕೊಳ್ಳುತ್ತದೆ. ಬ್ಯಾರೆಲ್ ಬಾಗದೆ ನೇರ ಗೆರೆಯಲ್ಲೇ ಸರಿಯುವುದರಿಂದ ಗುರಿ ಚೆನ್ನಾಗಿ ಕೂರುತ್ತದೆ. ಹಿಡಿಯ ಓರೆ ಎಷ್ಟು ಹಿತ ಅಂದರೆ, ಕೈ ಎತ್ತಿದರೆ ಮೂತಿ ತಾನಾಗಿ ಮುಂದೆ ನೋಡುತ್ತದೆ.

ಕೊರತೆಯೂ ಇದೆ. ಟ್ರಿಗರ್‌ನ ಒತ್ತಡ ಪಕ್ಕದ ತಟ್ಟೆಯೊಳಗಿನ ಲಿವರ್ ಮೂಲಕ ಸುತ್ತಿ ಹೋಗಬೇಕು, ಹಾಗಾಗಿ 1911ರ ಶುದ್ಧ ಬಿಡುಗಡೆ ಸಿಗುವುದಿಲ್ಲ. ಕಾಟ್ರಿಡ್ಜ್‌ನ ಶಕ್ತಿ ಸ್ವಲ್ಪ ಕಡಿಮೆಯಿದ್ದರೂ ಕೀಲು ಪೂರ್ತಿ ಮಡಚುವುದಿಲ್ಲ.

ಬೇಹುಗಾರರ ಸಿನಿಮಾದಲ್ಲಿ ಬರೋ ಪುಟ್ಟ ವಾಲ್ಥರ್ ಅಷ್ಟು ದೊಡ್ಡ ಪಿಸ್ತೂಲಾ?

ಪಿಪಿಕೆ, 1931ರದ್ದು. ಸಿನಿಮಾ ಕೊಟ್ಟ ಹೆಸರು ಜಾಸ್ತಿಯೇ ಆಯಿತು. ಆದರೆ ಅದಕ್ಕೂ ಎರಡು ವರ್ಷ ಮೊದಲು ಬಂದ ಅದರ ಅಣ್ಣ ಪಿಪಿ ನಿಜಕ್ಕೂ ಮುಖ್ಯ. ಡಬಲ್ ಆಕ್ಷನ್ ಟ್ರಿಗರನ್ನು, ಅಂದರೆ ಹ್ಯಾಮರನ್ನೂ ತಾನೇ ಎತ್ತುವ ಟ್ರಿಗರನ್ನು, ಸೆಮಿ ಆಟೊಮ್ಯಾಟಿಕ್‌ನಲ್ಲಿ ಯಶಸ್ವಿಯಾಗಿ ಕೂರಿಸಿ ತೋರಿಸಿದ್ದು ಅದು.

ನಮ್ಮ ದೇಶಕ್ಕೂ ಈ ಪಿಸ್ತೂಲುಗಳಿಗೂ ಏನಾದ್ರೂ ಸಂಬಂಧ ಇದೆಯಾ?

ತುಂಬಾ ಇದೆ. ಇದನ್ನು ಕೇಳದೆ ಬರೀ ಜರ್ಮನಿ, ಅಮೆರಿಕದ ಕತೆ ಓದುವವರನ್ನು ಕಂಡರೆ ಬೇಸರವಾಗುತ್ತದೆ. 1914ರ ಆಗಸ್ಟ್ 26ರಂದು ಕಲ್ಕತ್ತದ ಬಂದೂಕು ವ್ಯಾಪಾರಿ ರೊಡ್ಡಾ ಕಂಪನಿಗೆ ಬಂದ ಸರಕಿನಿಂದ ಕ್ರಾಂತಿಕಾರಿಗಳು 50 ಮೌಸರ್ ಪಿಸ್ತೂಲುಗಳನ್ನೂ 46,000 ಕಾಟ್ರಿಡ್ಜ್‌ಗಳನ್ನೂ ಹಾರಿಸಿಕೊಂಡು ಹೋದರು. 1925ರ ಕಾಕೋರಿ ರೈಲು ಪ್ರಕರಣದಲ್ಲೂ ಮೌಸರ್‌ಗಳೇ ಇದ್ದವು.

1931ರ ಫೆಬ್ರುವರಿ 27ರಂದು ಅಲಹಾಬಾದಿನ ಆಲ್ಫ್ರೆಡ್ ಪಾರ್ಕಿನಲ್ಲಿ ಚಂದ್ರಶೇಖರ ಆಜಾದ್ ಕೈಯಲ್ಲಿದ್ದದ್ದು ಕೋಲ್ಟ್ 1903. ಅದು ಈಗ ಅಲಹಾಬಾದ್ ಮ್ಯೂಸಿಯಂನಲ್ಲಿದೆ. ಭಗತ್ ಸಿಂಗ್ ಅವರ .32 ಕೋಲ್ಟ್ ಬಹಳ ವರ್ಷ ಇಂದೋರಿನ ಗಡಿ ಭದ್ರತಾ ಪಡೆಯ ಮ್ಯೂಸಿಯಂನಲ್ಲಿ ಯಾರ ಗಮನಕ್ಕೂ ಬಾರದೆ ಉಳಿದಿತ್ತು. ನಂಬರ್ ತಾಳೆ ಹಾಕಿ ಗುರುತಿಸಿದ ಮೇಲೆ ಪಂಜಾಬಿನ ಹುಸೇನಿವಾಲಾಕ್ಕೆ ತಂದರು. ಉಕ್ಕಿನ ಮೇಲೆ ಕೊರೆದ ನಂಬರಿಗೆ ಎಂಥ ಬೆಲೆ ಅನ್ನುವುದು ಇಂಥ ಕಡೆ ಗೊತ್ತಾಗುತ್ತದೆ.

ಸ್ವಾತಂತ್ರ್ಯದ ನಂತರ ಬ್ರೌನಿಂಗ್ ಹೈ ಪವರ್ ನಮ್ಮದೇ ಆಯಿತು. ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಫ್ಯಾಕ್ಟರಿ ಅದನ್ನು 'ಪಿಸ್ಟಲ್ ಆಟೊ 9 ಎಂಎಂ 1ಎ' ಎಂಬ ಹೆಸರಿನಲ್ಲಿ ಮಾಡಿತು. ನಮ್ಮ ಸೇನೆಯ ಅಧಿಕಾರಿಗಳು ಕಟ್ಟಿಕೊಂಡು ಬಂದದ್ದು ಅದನ್ನೇ.

## ಬೆಂಗಳೂರು, ಕಾನೂನು, ಮನೆಯ ಅಲ್ಮೇರಾ

ಬೆಂಗಳೂರಲ್ಲಿ 1911, ಲೂಗರ್ ಬಾಡಿಗೆಗೆ ತಗೊಂಡು ಹೊಡೆಯೋಕೆ ಆಗುತ್ತಾ?

ಆಗುವುದಿಲ್ಲ. ಇಲ್ಲಿನ ರೇಂಜ್‌ಗಳಲ್ಲಿ ಕಲಿಸುವುದು ಏರ್ ಪಿಸ್ತೂಲು, ಆಮೇಲೆ .22. ಸೇನೆಯ 9 ಎಂಎಂ ಕಾಟ್ರಿಡ್ಜ್ ಹಾರಿಸುವ ಪಿಸ್ತೂಲುಗಳು 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಸಾಮಾನ್ಯ ಲೈಸೆನ್ಸ್‌ಗೆ ಸಿಗುವ ಬೋರ್ ಅಲ್ಲ. ಅಮೆರಿಕ, ಝೆಕ್ ದೇಶಗಳಿಗೆ ಹೋದ ನಮ್ಮ ಐಟಿ ಹುಡುಗರು ಅಲ್ಲಿನ ರೇಂಜ್‌ಗಳಲ್ಲಿ ಬಾಡಿಗೆಗೆ ಹಿಡಿದು ಆಸೆ ತೀರಿಸಿಕೊಳ್ಳುತ್ತಾರೆ. ಅವರಿಗೊಂದು ಮಾತು: ನೆನಪಿಗೆ ಅಂತ ಒಂದು ಕಾಟ್ರಿಡ್ಜ್ ಜೇಬಿಗೆ ಹಾಕಿಕೊಂಡು ಬರಬೇಡಿ. ವಿಮಾನ ನಿಲ್ದಾಣದಲ್ಲಿ ಒಂದೇ ಒಂದು ಗುಂಡು ಸಿಕ್ಕರೂ ಆರ್ಮ್ಸ್ ಆಕ್ಟ್ ಕೆಳಗೆ ಕೇಸಾಗುತ್ತದೆ. ಜಿಮ್ ಬ್ಯಾಗಿನಂತೆ ರೇಂಜ್ ಬ್ಯಾಗನ್ನೇ ಪ್ರಯಾಣಕ್ಕೂ ಬಳಸುವ ಅಭ್ಯಾಸ ಬಿಟ್ಟುಬಿಡಿ.

ಮುಟ್ಟೋಕೆ ಆಗದಿದ್ರೂ ನೋಡೋಕಾದ್ರೂ ಎಲ್ಲಿ ಸಿಗುತ್ತೆ?

ಮೈಸೂರು ಅರಮನೆಯ ಆಯುಧಶಾಲೆಯಲ್ಲಿ ಕತ್ತಿ, ಕಠಾರಿಗಳ ಜೊತೆ ಪಿಸ್ತೂಲುಗಳೂ ಇವೆ. ಉತ್ತರಕ್ಕೆ ಹೋದಾಗ ಮೇಲೆ ಹೇಳಿದ ಅಲಹಾಬಾದ್ ಮ್ಯೂಸಿಯಂ ತಪ್ಪಿಸಬೇಡಿ.

ತಾತ ತೀರಿಕೊಂಡ ಮೇಲೆ ಅಲ್ಮೇರಾದಲ್ಲಿ ಒಂದು .32 ಪಿಸ್ತೂಲು ಸಿಕ್ಕಿದೆ. ಏನು ಮಾಡ್ಲಿ?

ಮೊದಲು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ. ಸ್ಲೈಡ್ ಎಳೆದು ಆಟ ಆಡಬೇಡಿ. ತಾತನ ಲೈಸೆನ್ಸ್ ಪುಸ್ತಕ ಹುಡುಕಿ. ಲೈಸೆನ್ಸ್ ಅವರ ಹೆಸರಿನದು, ಅವರು ಹೋದ ಮೇಲೆ ಆ ಪಿಸ್ತೂಲು ನಿಮ್ಮ ಬಳಿ ಇರುವುದಕ್ಕೆ ಕಾನೂನಿನ ರಕ್ಷಣೆ ಇಲ್ಲ. ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ, ಅಲ್ಲಿ ಅಥವಾ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲಿ ಠೇವಣಿ ಇಡಿ, ರಸೀದಿ ತೆಗೆದುಕೊಳ್ಳಿ. ಠೇವಣಿ ಇಟ್ಟರೆ ಕಳೆದುಹೋಯಿತು ಅಂತಲ್ಲ. ವಾರಸುದಾರರು ಆ ಆಯುಧಕ್ಕೆ ಹೊಸ ಲೈಸೆನ್ಸ್ ಕೇಳಬಹುದು. ಬೇಡವಾದರೆ ಲೈಸೆನ್ಸ್ ಇರುವವರಿಗೆ ಕಾನೂನು ಪ್ರಕಾರ ಮಾರಬಹುದು.

ತಾತ ಇನ್ನೂ ಬದುಕಿದ್ದರೆ ದಾರಿ ಸುಲಭ. 70 ವರ್ಷ ತುಂಬಿದವರು, ಅಥವಾ ಆ ಆಯುಧವನ್ನು 25 ವರ್ಷ ಇಟ್ಟುಕೊಂಡವರು, ತಾವಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸಲು ಅರ್ಜಿ ಹಾಕಬಹುದು. ಜಯನಗರ, ಮಲ್ಲೇಶ್ವರದ ಹಳೆ ಮನೆಗಳಲ್ಲಿ ಹಿರಿಯರು ಇದ್ದಾಗಲೇ ಈ ಮಾತು ಎತ್ತುವುದು ಒಳ್ಳೆಯದು. ಸಂಕೋಚಪಟ್ಟು ಸುಮ್ನೆ ಕೂತರೆ ಆಮೇಲೆ ಮಕ್ಕಳು ಅಲೆಯಬೇಕು.

ಹಳೆ ವಿದೇಶಿ .32ಗೆ ಇಲ್ಲಿ ಯಾಕೆ ಅಷ್ಟು ಬೆಲೆ?

1980ರ ದಶಕದ ಮಧ್ಯದಲ್ಲಿ ಸಾಮಾನ್ಯರಿಗೆ ವಿದೇಶಿ ಆಯುಧಗಳ ಆಮದು ನಿಂತಿತು. ಸರ್ಕಾರ ಗುರುತಿಸಿದ ಹೆಸರಾಂತ ಶೂಟರ್‌ಗಳಿಗೆ ಮಾತ್ರ ರಿಯಾಯಿತಿ. ಆದ್ದರಿಂದ ಅದಕ್ಕೂ ಮೊದಲು ಬಂದ ವೆಬ್ಲಿ, ವಾಲ್ಥರ್, ಬ್ರೌನಿಂಗ್‌ಗಳೇ ಕೈಯಿಂದ ಕೈಗೆ ತಿರುಗುತ್ತಿವೆ. ಸರ್ಕಾರಿ ಆರ್ಡನೆನ್ಸ್ ಕಾರ್ಖಾನೆಗಳ ಅಶನಿ .32 ಇದೆ, ಆದರೂ ಹಳೆಯ ಹೆಸರುಗಳ ಸೆಳೆತ ತಗ್ಗಿಲ್ಲ. ಯೂರೋಪಿನಲ್ಲಿ ಸಾಧಾರಣ ಅನ್ನಿಸುವ ಪಿಸ್ತೂಲು ಇಲ್ಲಿ ಲಕ್ಷಗಳಲ್ಲಿ ಮಾತಾಡುತ್ತದೆ. ಇದು ಕೊರತೆಯ ಬೆಲೆ. ಗುಣದ ಬೆಲೆ ಅಂದುಕೊಂಡು ಸಾಲ ಮಾಡಿ ಕೊಳ್ಳಬೇಡಿ.

ಒಬ್ಬರು ಎಷ್ಟು ಇಟ್ಟುಕೊಳ್ಳಬಹುದು?

2019ರ ತಿದ್ದುಪಡಿಯ ನಂತರ ಎರಡು. ಮೊದಲು ಮೂರಕ್ಕೆ ಅವಕಾಶ ಇತ್ತು. ಲೈಸೆನ್ಸ್ ಅವಧಿ ಮಾತ್ರ 3 ವರ್ಷದಿಂದ 5 ವರ್ಷಕ್ಕೆ ಏರಿತು. ಕ್ರೀಡಾಪಟುಗಳಿಗೆ ಬೇರೆ ಮಿತಿಗಳಿವೆ.

ಕೊಡವರಿಗೆ ಲೈಸೆನ್ಸ್ ಬೇಡ ಅಂತಾರೆ. ಪಿಸ್ತೂಲಿಗೂ ಬೇಡ್ವಾ?

ಬೇಕು. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೂ ಇರುವ ವಿನಾಯಿತಿ ಒಂದು ರೈಫಲ್ ಮತ್ತು ಒಂದು ನಯ ನಳಿಗೆಯ ಬಂದೂಕಿಗೆ. ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೆ ಇಡುವ ಕೋವಿ ಅದು. ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದ ಕೊಡಗಿನ ಹುಡುಗರು ಪಿಸ್ತೂಲಿಗೆ ಬಂದಾಗ ಎಲ್ಲರಂತೆ ಅರ್ಜಿ ಹಾಕಲೇಬೇಕು.

## ರೇಂಜ್‌ನಲ್ಲಿ

ಮಗಳಿಗೆ 12 ವರ್ಷ. ಪಿಸ್ತೂಲ್ ಶೂಟಿಂಗ್‌ಗೆ ಸೇರಿಸಲಾ?

ಸೇರಿಸಿ, ಏರ್ ಪಿಸ್ತೂಲಿನಿಂದ ಶುರು ಮಾಡಿಸಿ. .177 ಬೋರ್‌ನ, 20 ಜೌಲ್ ಮೀರದ ಏರ್ ಗನ್‌ಗೆ ಲೈಸೆನ್ಸ್ ಬೇಡ. ಶಕ್ತಿಗಿಂತ ತಾಳ್ಮೆ ಬೇಕಾದ ಆಟ ಇದು. ನಮ್ಮ ಊರಿನವರ ಉದಾಹರಣೆಯೇ ಇದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು, 2016ರಲ್ಲಿ ರಿಯೊ ಒಲಿಂಪಿಕ್ಸ್‌ನ 50 ಮೀಟರ್ ಪಿಸ್ತೂಲಿನಲ್ಲಿ ಆಡಿದರು. ಟಿ.ಎಸ್. ದಿವ್ಯಾ 2023ರಲ್ಲಿ ಬಾಕು ವಿಶ್ವಕಪ್‌ನಲ್ಲಿ ಸರಬ್‌ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಚಿನ್ನ ಗೆದ್ದರು. ಸ್ವಂತ ಪಿಸ್ತೂಲು ಕೂಡಲೇ ಕೊಳ್ಳಬೇಡಿ. ಮೊದಲ ಕೆಲವು ತಿಂಗಳು ರೇಂಜ್‌ನದ್ದೇ ಸಾಕು. ಹಿಡಿ ಮಗುವಿನ ಕೈಗೆ ಹೊಂದುತ್ತದೆಯೇ ಅನ್ನುವುದನ್ನು ಕೋಚ್ ನೋಡಿ ಹೇಳಲಿ.

ಏರ್ ಪಿಸ್ತೂಲಲ್ಲಿ ಕಲಿತದ್ದು ಹಳೆ ಪಿಸ್ತೂಲಿಗೆ ಉಪಯೋಗಕ್ಕೆ ಬರುತ್ತಾ?

ಪೂರ್ತಿ ಬರುತ್ತದೆ. ಲೆಕ್ಕ ಹಾಕಿ ನೋಡೋಣ. ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ನಡುವೆ 16 ಸೆಂಟಿಮೀಟರ್ ಇದೆ ಅಂದುಕೊಳ್ಳಿ, ಹಳೆಯ ದೊಡ್ಡ ಪಿಸ್ತೂಲುಗಳಲ್ಲಿ ಹೆಚ್ಚುಕಡಿಮೆ ಇಷ್ಟೇ. ಮುಂದಿನ ಸೈಟ್ ಬರೀ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ 10 ಮೀಟರ್ ದೂರದಲ್ಲಿ ಗುಂಡು 62.5 ಮಿಲಿಮೀಟರ್ ಆಚೆ ಬೀಳುತ್ತದೆ. 25 ಮೀಟರಿನಲ್ಲಿ ಅದು 156 ಮಿಲಿಮೀಟರ್. ಕೈ ನಡುಗಿ ಇಡೀ ಪಿಸ್ತೂಲೇ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ, ಅಂದರೆ ಎರಡೂ ಸೈಟ್ ಒಟ್ಟಿಗೆ ಸರಿದರೆ, ಗುಂಡು ಸರಿಯುವುದೂ 1 ಮಿಲಿಮೀಟರ್ ಮಾತ್ರ. ಹೊಸಬರು ಕೈ ನಡುಕಕ್ಕೆ ಹೆದರುತ್ತಾರೆ. ಹೆದರಬೇಕಾದದ್ದು ಟ್ರಿಗರನ್ನು ಕಿತ್ತು ಎಳೆಯುವುದಕ್ಕೆ, ಯಾಕೆಂದರೆ ಸೈಟ್‌ಗಳ ಸಾಲು ಕೆಡುವುದು ಅಲ್ಲೇ.

10 ಮೀಟರ್ ಏರ್ ಪಿಸ್ತೂಲಿನ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ಅಗಲ 11.5 ಮಿಲಿಮೀಟರ್. ಕಣ್ಣು ಮುಂದಿನ ಸೈಟ್ ಮೇಲೆ ಇಟ್ಟು, ಟಾರ್ಗೆಟ್ ಮಸುಕಾದರೂ ಬಿಟ್ಟು, ಟ್ರಿಗರನ್ನು ನೇರ ಹಿಂದಕ್ಕೆ ಒತ್ತುವುದನ್ನು ಆ ಪುಟ್ಟ ವೃತ್ತ ಕಲಿಸುತ್ತದೆ. ಒದೆತವಿಲ್ಲದ ಕಾರಣ ತಪ್ಪು ಮುಚ್ಚಿಹೋಗುವುದಿಲ್ಲ. ಇದನ್ನು ಕಲಿತವರು 1911 ಹಿಡಿದಾಗ ಮೊದಲ ಮ್ಯಾಗಜಿನ್‌ನಲ್ಲೇ ಗೊತ್ತಾಗುತ್ತದೆ.

ಸ್ಪರ್ಧೆಗಳಲ್ಲಿ ಸೆಮಿ ಆಟೊಮ್ಯಾಟಿಕ್ ಬಳಸ್ತಾರಾ?

25 ಮೀಟರ್ ಸ್ಪರ್ಧೆಗಳೆಲ್ಲ ಮುಖ್ಯವಾಗಿ ಅವುಗಳದ್ದೇ. ರ‍್ಯಾಪಿಡ್ ಫೈರ್‌ನಲ್ಲಿ ಐದು ಟಾರ್ಗೆಟ್‌ಗಳಿಗೆ ಐದು ಗುಂಡು, ಮೊದಲು 8 ಸೆಕೆಂಡಿನಲ್ಲಿ, ಆಮೇಲೆ 6, ಆಮೇಲೆ 4. ಲಂಡನ್ 2012ರಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಲ್ಲಿ. ದೊಡ್ಡ ಬೋರ್‌ನ ಸೆಂಟರ್ ಫೈರ್ ಸ್ಪರ್ಧೆ ಒಲಿಂಪಿಕ್ಸ್‌ನಲ್ಲಿಲ್ಲ, ಆದರೆ ಹಳೆ ಪಿಸ್ತೂಲಿನ ಅಭಿಮಾನಿಗಳಿಗೆ ಅದೇ ಹತ್ತಿರ. ಜಸ್ಪಾಲ್ ರಾಣಾ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 590 ಅಂಕ ಹೊಡೆದು ವಿಶ್ವದಾಖಲೆ ಸರಿಗಟ್ಟಿದ್ದು ಅದರಲ್ಲೇ.

ಸ್ಪರ್ಧೆಯ ವಾಲ್ಥರ್ ಜಿಎಸ್‌ಪಿ ಅಥವಾ ಪಾರ್ಡಿನಿ ನೋಡಿದರೆ ಮ್ಯಾಗಜಿನ್ ಹಿಡಿಯೊಳಗೆ ಇರುವುದಿಲ್ಲ, ಟ್ರಿಗರ್‌ನ ಮುಂದಿರುತ್ತದೆ. 1896ರ ಮೌಸರ್‌ನಲ್ಲೂ ಹಾಗೆಯೇ ಅಲ್ವಾ! ಮ್ಯಾಗಜಿನ್ ಮುಂದೆ ಹೋದರೆ ಹಿಡಿಯನ್ನು ಶೂಟರ್‌ನ ಅಂಗೈಗೆ ತಕ್ಕ ಹಾಗೆ ಬೇಕಾದಂತೆ ಕೆತ್ತಬಹುದು, ತೂಕವೂ ಮುಂದಕ್ಕೆ ಬರುತ್ತದೆ.

## ಒಳಗಿನ ಕೆಲಸ ಗೊತ್ತಿರುವವರಿಗೆ

ಸಣ್ಣ .32ರ ಸ್ಲೈಡ್ ಎಳೆಯೋದು ಇಷ್ಟು ಗಟ್ಟಿ ಯಾಕೆ? ದೊಡ್ಡ .45 ಸಲೀಸಾಗಿ ಬರುತ್ತಲ್ಲ?

ಹೆಚ್ಚಿನ .32ಗಳು ಬ್ಲೋಬ್ಯಾಕ್. ಬ್ಯಾರೆಲ್ ಫ್ರೇಮಿಗೆ ಬಿಗಿಯಾಗಿರುತ್ತದೆ, ಬ್ಯಾರೆಲ್‌ಗೂ ಸ್ಲೈಡ್‌ಗೂ ಲಾಕ್ ಇಲ್ಲ. ಗುಂಡು ಮೂತಿ ದಾಟುವ ತನಕ ಕೇಸನ್ನು ಹಿಡಿದಿಡುವುದು ಸ್ಲೈಡ್‌ನ ತೂಕ ಮತ್ತು ಸ್ಪ್ರಿಂಗ್ ಮಾತ್ರ. ಹಾಗಾಗಿ ಸ್ಪ್ರಿಂಗ್ ಗಟ್ಟಿ. 1911ರಲ್ಲಿ ಬ್ಯಾರೆಲ್ ಮೇಲಿನ ಏಣುಗಳು ಸ್ಲೈಡ್‌ನ ಒಳಗಿನ ತೋಡುಗಳಲ್ಲಿ ಕೂತು ಎರಡೂ ಒಂದಾಗಿ ಹಿಂದೆ ಸರಿಯುತ್ತವೆ. ಸ್ವಲ್ಪ ದೂರ ಹೋದ ಮೇಲೆ ಒಂದು ಸಣ್ಣ ಲಿಂಕ್ ಬ್ಯಾರೆಲ್‌ನ ಹಿಂಭಾಗವನ್ನು ಕೆಳಕ್ಕೆ ಎಳೆದು ಲಾಕ್ ಬಿಡಿಸುತ್ತದೆ. ಅಷ್ಟರಲ್ಲಿ ಒತ್ತಡ ಇಳಿದಿರುತ್ತದೆ. ಹೈ ಪವರ್‌ನಲ್ಲಿ ಆ ಲಿಂಕ್ ತೆಗೆದು ಕ್ಯಾಮ್ ಇಟ್ಟರು. ಇವತ್ತಿನ ಬಹುಪಾಲು ಪಿಸ್ತೂಲುಗಳು ನಡೆಯುವುದು ಆ ದಾರಿಯಲ್ಲಿ.

ಸಿಂಗಲ್ ಆಕ್ಷನ್, ಡಬಲ್ ಆಕ್ಷನ್: ಗುರಿಗೆ ಯಾವುದು ಒಳ್ಳೇದು?

ಗುರಿಗೆ ಸಿಂಗಲ್. ಹ್ಯಾಮರ್ ಆಗಲೇ ಹಿಂದಿರುತ್ತದೆ, ಟ್ರಿಗರ್ ಅದನ್ನು ಬಿಡಿಸಿದರೆ ಸಾಕು. ಡಬಲ್‌ನಲ್ಲಿ ಮೊದಲ ಗುಂಡಿಗೆ ಟ್ರಿಗರೇ ಹ್ಯಾಮರನ್ನೂ ಎತ್ತಬೇಕು, ಎಳೆತ ಉದ್ದ ಮತ್ತು ಭಾರ. ಎರಡನೇ ಗುಂಡಿನಿಂದ ಹಗುರವಾಗುತ್ತದೆ. ಆ ಬದಲಾವಣೆಗೆ ಬೆರಳು ಒಗ್ಗಬೇಕು.

ಹಳೆ 1911 ಹೆಬ್ಬೆರಳಿನ ಬುಡ ಕಚ್ಚುತ್ತೆ ಅಂತಾರೆ. ನಿಜಾನಾ?

ನಿಜ. ಮೊದಲ ಮಾದರಿಯಲ್ಲಿ ಗ್ರಿಪ್ ಸೇಫ್ಟಿಯ (ಹಿಡಿ ಬಿಗಿಯಾಗಿ ಹಿಡಿದರೆ ಮಾತ್ರ ಬಿಡುವ ತಡೆ) ಬಾಲ ಚಿಕ್ಕದು. ಹ್ಯಾಮರ್ ಹಿಂದೆ ಬಂದಾಗ ದಪ್ಪ ಕೈಯ ಚರ್ಮ ನಡುವೆ ಸಿಕ್ಕುತ್ತದೆ. 1920ರ ದಶಕದಲ್ಲಿ ಬಂದ 1911ಎ1ರಲ್ಲಿ ಆ ಬಾಲ ಉದ್ದವಾಯಿತು, ಟ್ರಿಗರ್ ಗಿಡ್ಡವಾಯಿತು, ಹಿಡಿಯ ಹಿಂಭಾಗಕ್ಕೆ ಉಬ್ಬು ಬಂತು.

ಹಳೆ .32ರಲ್ಲಿ ಕಾಟ್ರಿಡ್ಜ್ ಸಿಕ್ಕಿಹಾಕಿಕೊಳ್ಳುತ್ತೆ. ಪಿಸ್ತೂಲೇ ಹಾಳಾ?

ಹೆಚ್ಚಾಗಿ ಮ್ಯಾಗಜಿನ್ ಹಾಳು. ತುಟಿ ಅಗಲವಾಗಿರುತ್ತದೆ, ಇಲ್ಲವೇ ಸ್ಪ್ರಿಂಗ್ ಸೋತಿರುತ್ತದೆ. .32ಕ್ಕೆ ಇನ್ನೊಂದು ಕಾಯಿಲೆ ಇದೆ. ಅದರ ಕೇಸ್‌ನ ಬುಡಕ್ಕೆ ಸಣ್ಣ ಅಂಚಿದೆ. ಮೇಲಿನ ಕಾಟ್ರಿಡ್ಜ್‌ನ ಅಂಚು ಕೆಳಗಿನದರ ಅಂಚಿನ ಹಿಂದಕ್ಕೆ ಜಾರಿದರೆ ಎರಡೂ ಬೆಸೆದುಕೊಳ್ಳುತ್ತವೆ, ಮೇಲಿನದು ಮುಂದೆ ಹೋಗುವುದಿಲ್ಲ. ಉದ್ದ ಕಡಿಮೆ ಇರುವ ಕಾಟ್ರಿಡ್ಜ್‌ಗಳಲ್ಲಿ ಇದು ಜಾಸ್ತಿ. ಮ್ಯಾಗಜಿನ್ ತುಂಬುವಾಗ ಪ್ರತಿಯೊಂದರ ಅಂಚೂ ಕೆಳಗಿನದರ ಮುಂದೆ ಕೂತಿದೆಯೇ ನೋಡಿ. ಆದರೂ ನಿಲ್ಲದಿದ್ದರೆ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ಒಯ್ಯಿರಿ, ಮನೆಯಲ್ಲಿ ಅರ ಹಿಡಿಯಬೇಡಿ.

ಬಣ್ಣ ಹೋಗಿದೆ, ಅಲ್ಲಲ್ಲಿ ತುಕ್ಕು. ಪಾಲಿಶ್ ಮಾಡಿಸಿ ಹೊಸದರಂತೆ ಮಾಡಿಸಲಾ?

ದಯವಿಟ್ಟು ಬೇಡ. ಮೂಲ ಬ್ಲೂಯಿಂಗ್ (ಉಕ್ಕಿನ ಮೇಲಿನ ನೀಲಿಗಪ್ಪು ಬಣ್ಣ) ಅರ್ಧ ಉಳಿದಿದ್ದರೂ ಹೊಸ ಪಾಲಿಶ್‌ಗಿಂತ ಮೇಲು. ಚಕ್ರಕ್ಕೆ ಹಿಡಿದರೆ ಅಂಚುಗಳು ದುಂಡಗಾಗುತ್ತವೆ, ಕೊರೆದ ಅಕ್ಷರ, ಪರೀಕ್ಷೆಯ ಮುದ್ರೆಗಳು ತೇಯುತ್ತವೆ. ಲೂಗರ್‌ನಲ್ಲಂತೂ ಸಣ್ಣ ಭಾಗಗಳ ಮೇಲೂ ಸೀರಿಯಲ್ ನಂಬರಿನ ಕೊನೆಯ ಎರಡು ಅಂಕಿ ಇರುತ್ತವೆ. ಅವೆಲ್ಲ ಹೊಂದಿಕೊಂಡಿದ್ದರೆ ಮಾತ್ರ ಸಂಗ್ರಹಕಾರರು ತಲೆದೂಗುತ್ತಾರೆ.

ತುಕ್ಕು ಮುಂದೆ ಹರಡದಂತೆ ನೋಡಿಕೊಂಡರೆ ಸಾಕು. ಮುಟ್ಟಿದ ಮೇಲೆ ಬೆವರು ಒರೆಸಿ, ತೆಳ್ಳಗೆ ಎಣ್ಣೆ ಸವರಿ. ಚರ್ಮದ ಹೋಲ್‌ಸ್ಟರ್ ಒಳಗೆ ಇಟ್ಟು ಮರೆಯಬೇಡಿ, ಚರ್ಮ ತೇವ ಹಿಡಿಯುತ್ತದೆ, ಹದ ಮಾಡಿದ ರಾಸಾಯನಿಕ ಉಕ್ಕನ್ನು ತಿನ್ನುತ್ತದೆ. ಜೂನ್‌ನಿಂದ ಅಕ್ಟೋಬರ್ ತನಕ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿರಲಿ. ಬಹಳ ಹಳೆಯ ಕಾಟ್ರಿಡ್ಜ್‌ಗಳ ಪ್ರೈಮರ್ (ಏಟಿಗೆ ಕಿಡಿ ಕೊಡುವ ಮದ್ದು) ಬ್ಯಾರೆಲ್‌ನೊಳಗೆ ಉಪ್ಪಿನಂಶ ಬಿಡುತ್ತದೆ, ಆ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಬರೀ ಎಣ್ಣೆಗೆ ಅದು ಹೋಗುವುದಿಲ್ಲ. ಮೊದಲು ಬಿಸಿನೀರಿನಲ್ಲಿ ಬ್ಯಾರೆಲ್ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಹಾಕಬೇಕು.